ಕುಂಚದಾನಿಯ ಬಿರುಕು

ಹಲೋ... ಹಲೋ, ಯಾರು ಮಾತಾಡ್ತಿರೋದು? ... ಯಾರು? ... ಟಿಕೆಟ್ ಕೌಂಟರಿನವರಾ? ನೋಡಮ್ಮ, ನಂಗೆ ಯಾನ್ ಸಾಹೇಬ್ರು ಬೇಕು. ಈ ವರ್ಷ ಹೊಸದಾಗಿ ಬಂದಿದಾರಲ್ಲ ಮ್ಯೂಸಿಯಂ ಭವನದ ಮುಖ್ಯಸ್ಥರು, ಅವರೇ. ... ಮೀಟಿಂಗಲ್ಲಿದಾರಾ? ಇರ್ಲಿ, ಮೀಟಿಂಗ್ ಮಧ್ಯದಲ್ಲೇ ಕೊಡು.

... ನನ್ನ ಹೆಸರಾ? ಹೌ ಪೇಜೆನ್ ಅಂತ ಹೇಳು. ... ಏನು ವಿಷಯ ಅಂದ್ರೆ? ಬಿದಿರಿನ ಕುಂಚದಾನಿ ವಿಷಯ. ... ಇಲ್ಲಮ್ಮ, ಅಂಗಡೀಲಿ ಮಾರೋ ಹೊಸ ಕುಂಚದಾನಿ ಅಲ್ಲ! ನಾನು ಏನೂ ಕೊಳ್ಳೋಕೆ ಫೋನ್ ಮಾಡಿಲ್ಲ. ನೀನು ಕೂತಿದೀಯಲ್ಲ, ನಿನ್ನ ಬೆನ್ನ ಹಿಂದೆ ಒಂದು ಬಾಗಿಲಿದೆಯಲ್ಲ, ಅದರ ಬೀಗದ ಕೈ ಮೂವತ್ನಾಲ್ಕು ವರ್ಷ ನನ್ನ ಸೊಂಟದಲ್ಲಿತ್ತು. ... ಹಾಂ, ಅದೇ ಹೌ ಅಕ್ಕ. ಗೋಡೆ ಮೇಲೆ ಫೋಟೋ ಇದೆಯಲ್ಲ, ಎದೆಗೆ ಕೆಂಪು ಹೂ ಸಿಗಿಸ್ಕೊಂಡು ಪೆದ್ದುಪೆದ್ದಾಗಿ ನಗ್ತಾ ನಿಂತಿರೋದು, ಅದು ನಾನೇ. ಈಗ ಕೊಡ್ತೀಯಾ?

... ಕಾಯ್ತೀನಿ, ಕಾಯ್ತೀನಿ. ... ರೀ, ಆ ಒಲೆ ಸಣ್ಣ ಮಾಡಿ, ಮೂಲಂಗಿ ಸಾರು ಉಕ್ಕುತ್ತೆ. ... ಕೂಗಾಡ್ತಿಲ್ಲ ನಾನು. ಇನ್ನೂ ಶುರುನೇ ಮಾಡಿಲ್ಲ.

... ಹಲೋ, ಯಾನ್ ಸಾಹೇಬ್ರಾ? ... ನಮಸ್ಕಾರ, ನಮಸ್ಕಾರ. ಆರೋಗ್ಯ ಚೆನ್ನಾಗಿದೆ. ಮೊಣಕಾಲೂ ಚೆನ್ನಾಗಿದೆ. ನಮ್ಮನೆಯವರೂ ಚೆನ್ನಾಗಿದಾರೆ. ... ಬೆಣ್ಣೆ ಆಮೇಲೆ ಹಚ್ಚೋರಂತೆ, ಮೊದಲು ನನಗೊಂದು ಮಾತು ಹೇಳಿ. ಗಾಜಿನ ಪೆಟ್ಟಿಗೆಗಳೊಳಗಿದ್ದ ನೀರಿನ ಲೋಟ ತೆಗೆಸಿದ್ದು ಯಾರು?

... ಯಾವ ಲೋಟ ಅಂದ್ರೆ! ಒಂದೊಂದು ಪೆಟ್ಟಿಗೆ ಮೂಲೇಲೂ ಒಂದೊಂದಿತ್ತು. ಬೆರಳುದ್ದದ ಲೋಟ, ಮುಕ್ಕಾಲು ನೀರು. ಹಿಮ ಬೀಳೋ ಕಾಲದಿಂದ ವಸಂತದ ತನಕ ದಿನಾ ಬೆಳಿಗ್ಗೆ ಭವನದ ಬಾಗಿಲು ತೆಗೆಯೋಕೆ ಮುಂಚೆ ತುಂಬಿಸ್ತಿದ್ದೆ. ಕುದಿಸಿ ಆರಿಸಿದ ನೀರು. ನಾನು ಕೆಲಸ ಬಿಟ್ಟ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗಿ, ತಾವ್, ತುಂಬಿಸ್ತಿದ್ದಳು. ಒಂದು ದಿನ ತಪ್ಪಿಸಿದವಳಲ್ಲ ಅವಳು. ಅದನ್ನ ತೆಗೆಸಿದ್ದು ಯಾರು ಅಂತ ಕೇಳ್ತಿದೀನಿ.

... ಹಾಂ? ... ಹೊಸ ಪ್ರದರ್ಶನದ ಉದ್ಘಾಟನೆಗಾ? ... ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತಾ?

... ಯಾರೋ ಕುಡಿದು ಇಟ್ಟು ಹೋದ ಹಾಗೆ ಕಾಣುತ್ತಾ! ಯಾನ್ ಸಾಹೇಬ್ರೇ, ಮುನ್ನೂರು ವರ್ಷದ ಬಿದಿರು ಅದು. ಕೆತ್ತಿದವನು ಸತ್ತ, ಕೊಂಡವನು ಸತ್ತ, ಅದರೊಳಗೆ ಕುಂಚ ಇಟ್ಟು ಬರೆದ ಪಂಡಿತರೆಲ್ಲ ಮಣ್ಣಾದ್ರು. ಬಿದಿರು ಮಾತ್ರ ಇನ್ನೂ ಗಾಳಿ ಎಳ್ಕೊಳ್ತಾ ಇದೆ. ಗಾಳಿ ಒಣಗಿದ್ರೆ ಅದೂ ಒಣಗುತ್ತೆ, ಒಣಗಿದ್ರೆ ಸೀಳುತ್ತೆ. ಆ ಪೆಟ್ಟಿಗೆಯೊಳಗಿನ ಒಂದು ಹಿಡಿ ಗಾಳಿಗೋಸ್ಕರ ಇಟ್ಟಿದ್ದ ನೀರು ಅದು. ನಿಮಗೆ ಎಂಜಲು ಲೋಟ ಕಂಡ್ತಾ?

... ಗೊತ್ತು ರೀ, ಗೊತ್ತು, ನಮ್ಮ ಜಿಯಾದಿಂಗ್ ತೇವದ ಊರೇ. ಮಳೆಗಾಲದಲ್ಲಿ ಗೋಡೆ ಬೆವರುತ್ತೆ, ನಿಜ. ಆಗ ನಾನೇ ಲೋಟ ತೆಗೀತಿದ್ದೆ, ಇಲ್ಲದಿದ್ರೆ ಬೂಷ್ಟು ಹಿಡಿಯುತ್ತೆ. ಆದ್ರೆ ಈಗ ಯಾವ ತಿಂಗಳು? ವಾಯುವ್ಯದ ಗಾಳಿ ಬೀಸಿ ಜನರ ತುಟಿನೇ ಒಡೀತಿದೆ, ಬಿದಿರು ಯಾವ ಲೆಕ್ಕ? ಅದರ ಮೇಲೆ ನೀವು ಬಿಸಿಗಾಳಿ ಯಂತ್ರ ಬೇರೆ ಹಾಕಿಸಿದೀರಿ. ಪೆಟ್ಟಿಗೆಯೊಳಗೆ ಹಳದಿ ದೀಪ ಬೇರೆ. ಒಂದೊಂದು ದೀಪದ ಕೆಳಗೂ ಬಾತುಕೋಳಿ ಹುರೀಬಹುದಂತೆ, ಹೋಗಿ ಬಂದವರು ಹೇಳಿದ್ರು.

... ನಗಬೇಡಿ. ನಾನು ನಗಿಸೋಕೆ ಹೇಳ್ತಿಲ್ಲ.

... ನಾಲ್ಕೇ ದಿನನಾ? ನಾಲ್ಕು ದಿನ ತೆಗೆದಿಟ್ಟು ಆಮೇಲೆ ಮತ್ತೆ ಇಡಿ ಅಂತ ಹೇಳಿದ್ರಾ? ಯಾರಿಗೆ? ... ತಾವ್‌ಗಾ? ಸುಳ್ಳು. ಅವಳು ನಾಲ್ಕು ದಿನ ಬಿಟ್ಟು ಲೋಟ ತಗೊಂಡು ಬಂದಾಗ, ಇನ್ನೊಂದು ವಾರ ಇರ್ಲಿ, ಶಾಂಘೈನಿಂದ ದೊಡ್ಡವರು ಬರ್ತಿದಾರೆ ಅಂದಿದ್ದು ನೀವು. ಆಮೇಲೆ ಇನ್ನೊಂದು ವಾರ, ಮತ್ತೊಂದು ವಾರ ಅಂತ ಎಳೆದಿದ್ದೂ ನೀವೇ. ಒಟ್ಟು ಇಪ್ಪತ್ತಾರು ದಿನ. ಬೆರಳು ಮಡಚಿ ಎಣಿಸಿದಾಳೆ ಅವಳು.

... ನಂಗೆ ಹೇಗೆ ಗೊತ್ತಾ? ನಿನ್ನೆ ಸಂಜೆ ನಮ್ಮನೆಗೆ ಬಂದಿದ್ದಳು. ಬಂದವಳು ಚಪ್ಪಲಿ ಬಿಡೋದನ್ನೂ ಮರೆತು ನಮ್ಮ ಅಡುಗೆಮನೇಲಿ ನಿಂತು ಅತ್ತಳು. ಕುಂಚದಾನಿ ಸೀಳಿದೆ ಅಕ್ಕಾ, ನಾನೇ ಬೀಳಿಸಿದ್ದು ಅಂತ ಬರೆದುಕೊಡು ಅಂತಿದಾರೆ ಅಕ್ಕಾ, ಅಂತ.

... ಮತ್ತೆ? ಬೀಳಿಸಿದ್ದು ನೋಡಿದವರು ಯಾರು? ... ಯಾರೂ ಇಲ್ಲ, ಅಲ್ವಾ? ... ಧೂಳು ಒರೆಸೋವಾಗ ಕೈ ಜಾರಿರಬಹುದು ಅಂತಾ? ರೀ, ಇರಬಹುದು ಅನ್ನೋದರ ಮೇಲೆ ಒಬ್ಬಳ ಹೊಟ್ಟೆಗೆ ಹೊಡೀತೀರಾ? ಲೋಟ ತೆಗೆಸಿದ್ದು ನೀವು, ಬಿಸಿಗಾಳಿ ಬಿಟ್ಟಿದ್ದು ನೀವು, ಈಗ ಗೂಬೆ ತಂದು ತಾವ್ ತಲೆ ಮೇಲೆ ಕೂರಿಸ್ತೀರಾ? ಅನ್‌ಹುಯಿ ಕಡೆಯವಳು, ಇಲ್ಲಿ ಅಣ್ಣ ತಮ್ಮ ಅನ್ನೋರು ಯಾರೂ ಇಲ್ಲ, ಕೇಳೋಕೆ ಬರಲ್ಲ ಅಂತಾನಾ? ನಾನು ಬಂದಿದೀನಿ. ಕೇಳ್ತಿದೀನಿ.

... ಏನು ನಿಯಮ? ... ಹಳೇ ವಸ್ತು ಬೀಳಿಸಿದವರನ್ನ ಕೆಲಸದಿಂದ ತೆಗೆದು ಹೆಸರು ಮೇಲಿನವರಿಗೆ ಕಳಿಸಬೇಕಾ? ... ಹೌದು, ಆ ನಿಯಮ ನಂಗೊತ್ತು. ಹಾಗೆ ಹೆಸರು ಹೋದ್ರೆ ಈ ಜಿಲ್ಲೇಲಿ ಮತ್ಯಾವ ಭವನದಲ್ಲೂ ಅವಳನ್ನ ನೆಲ ಗುಡಿಸೋಕೂ ತಗೊಳಲ್ಲ. ನಲವತ್ಮೂರು ವಯಸ್ಸಿಗೆ ಅವಳು ಎಲ್ಲಿ ಹೋಗ್ಬೇಕು? ಮತ್ತೆ ನೂಡಲ್ಸ್ ಕಾರ್ಖಾನೇಲಿ ರಾತ್ರಿ ಪಾಳಿಗಾ? ಬಿದಿರಂದ್ರೆ ಏನು ಅಂತ ಐದು ವರ್ಷ ಕೂತು ಕಲಿಸಿದೀನಿ ರೀ ಅವಳಿಗೆ. ರಜಾ ದಿನ ಬಂದು ಕಲೀತಿದ್ದಳು. ಕಣ್ಣು ಮುಚ್ಚಿ ಮುಟ್ಟಿ ಹೇಳ್ತಾಳೆ ಈಗ, ಇದು ಬಿದಿರಿನ ಬುಡ, ಇದು ನಡು ಅಂತ. ನೀವು ಹೇಳಿ ನೋಡೋಣ?

... ಹಾಂ, ಹೇಳೋಕಾಗಲ್ಲ. ನೀವು ಓದಿರೋದೇ ಬೇರೆ.

... ಏನಂದ್ರಿ? ... ಬಿರುಕು ಎಲ್ಲಿಂದ ಎಲ್ಲಿಗಿದೆ ಅಂತ ನನಗ್ಯಾಕೆ ಹೇಳ್ತೀರಾ, ಆ ಕುಂಚದಾನಿ ನನ್ನ ಕಣ್ಣಲ್ಲೇ ಇದೆ. ಪೈನ್ ಮರದ ಕೆಳಗೆ ಇಬ್ಬರು ಮುದುಕರು ಚದುರಂಗ ಆಡ್ತಾ ಕೂತಿದಾರೆ. ಎಡಗಡೆ ಮುದುಕ ಕಾಯಿ ಹಿಡ್ಕೊಂಡು ಕೈ ಎತ್ತಿದಾನೆ, ಎಲ್ಲಿಡಲಿ ಅಂತ ಮುನ್ನೂರು ವರ್ಷದಿಂದ ಯೋಚಿಸ್ತಿದಾನೆ. ಬಲಗಡೆಯವನು ಗಡ್ಡ ಹಿಡ್ಕೊಂಡು ಒಳಗೊಳಗೇ ನಗ್ತಿದಾನೆ. ಅವನಿಗೆ ಗೊತ್ತು, ಇವನು ಸೋತಾಯ್ತು ಅಂತ. ಬಿರುಕು ಮೇಲಿನ ಅಂಚಿಂದ ಹೊರಟು, ಪೈನ್ ಎಲೆಗಳ ಹಿಂದೆ ಹಾದು, ಕಾಂಡದ ಪಕ್ಕ ಇಳಿದು, ಇಬ್ಬರ ಮಧ್ಯೆ ಚದುರಂಗದ ಮಣೆ ತನಕ ಬಂದಿದೆ. ಅಲ್ವಾ?

... ಹೇಗೆ ಗೊತ್ತು ಅಂದ್ರೆ... ತಾವ್ ಹೇಳಿದಳು. ತಾವ್ ಹೇಳಿದಳು ಅಂದೆನಲ್ಲ.

... ಇರಿ, ಇರಿ. ನಿಮ್ಮ ದನಿ ಯಾಕೆ ಹೀಗೆ ಬಾವಿಯೊಳಗಿಂದ ಬಂದ ಹಾಗಿದೆ? ... ಯಾರೋ ಕೆಮ್ಮಿದ್ರು. ನೀವಲ್ಲ ಕೆಮ್ಮಿದ್ದು. ... ಸ್ಪೀಕರ್ ಹಾಕಿದೀರಾ? ಯಾವಾಗಿಂದ?

... ಶುರುವಿಂದಾನಾ! ಯಾರ್‍ಯಾರಿದಾರೆ ಅಲ್ಲಿ?

... ಶೂ ಅಮ್ಮನವರಾ? ಅಯ್ಯೋ... ಅಮ್ಮಾ, ನಮಸ್ಕಾರ ಅಮ್ಮಾ. ನಾನು ಪೇಜೆನ್. ನಿಮ್ಮ ತಂದೆಯವರು ಭವನಕ್ಕೆ ದಾನ ಕೊಟ್ಟ ಆ ಕುಂಚದಾನಿ, ಉಳಿದ ವಸ್ತುಗಳನ್ನೆಲ್ಲ ಕಾಯ್ತಿದ್ದೆನಲ್ಲ, ಅವಳೇ. ... ಹೌದಮ್ಮ, ದನಿ ಹಾಗೇ ಇದೆ, ದಪ್ಪ ಆಗಿದೀನಿ ಅಷ್ಟೇ. ನೀವು ಈ ಚಳೀಲಿ ಶಾಂಘೈನಿಂದ ಯಾಕೆ ಬಂದ್ರಿ, ಎಂಬತ್ತು ದಾಟಿದೆ ನಿಮಗೆ. ... ಅದಕ್ಕೇನಾ ಬಂದಿದ್ದು. ... ಹೌದಮ್ಮ. ಒಡೆದಿದೆ. ಅದಕ್ಕೇ ನಾನೂ ಫೋನ್ ಮಾಡಿದ್ದು. ... ಕೂಗಾಡಿದ್ದು ಕೇಳಿಸ್ತಾ? ಕ್ಷಮಿಸಿ, ನೀವಿದೀರಿ ಅಂತ ಗೊತ್ತಿರಲಿಲ್ಲ. ಗೊತ್ತಿದ್ರೂ ಕೂಗಾಡ್ತಿದ್ದೆ, ಸ್ವಲ್ಪ ಮೆಲ್ಲಗೆ.

... ತಾವ್ ಕೂಡ ಅಲ್ಲೇ ಇದಾಳಾ? ಕೂತಿದಾಳಾ, ನಿಂತಿದಾಳಾ? ... ನಿಂತಿದಾಳೆ ಅಂದ್ರೆ ಒಂದು ಕುರ್ಚಿ ಕೊಡಿ ರೀ ಅವಳಿಗೆ! ಕಳ್ಳರನ್ನ ನಿಲ್ಲಿಸಿದ ಹಾಗೆ ನಿಲ್ಲಿಸಿದೀರಲ್ಲ.

... ಸರಿ ಯಾನ್ ಸಾಹೇಬ್ರೇ, ಕೇಳಿ ಏನು ಕೇಳ್ತೀರೋ. ... ನೀವೇ ನನಗೆ ಫೋನ್ ಮಾಡೋಣ ಅಂತಿದ್ರಾ? ಯಾಕೆ? ... ಸಾಕ್ಷಿ ಹೇಳೋಕಾ? ಯಾರ ಪರವಾಗಿ?

... ರಿಜಿಸ್ಟರಾ?

... ಹೌದು, ನಂದೇ ಕೈಬರಹ. ವರ್ಷಕ್ಕೊಂದ್ಸಲ ಚಳಿಗಾಲ ಮುಗಿದ ಮೇಲೆ ಪ್ರತಿ ವಸ್ತೂನೂ ಪೆಟ್ಟಿಗೆಯಿಂದ ತೆಗೆದು, ಬಿಳಿ ಬಟ್ಟೆ ಮೇಲಿಟ್ಟು, ಒಳಗೂ ಹೊರಗೂ ನೋಡಿ ಬರೆಯೋದು ವಾಡಿಕೆ. ... ಓದ್ತೀರಾ? ಓದಿ.

...

... ಹಾಂ, ಕೇಳ್ತಿದೀನಿ.

... ಸಾಕು ಬಿಡಿ. ಪ್ರತಿ ವರ್ಷದ್ದೂ ಓದ್ಬೇಕಾಗಿಲ್ಲ. ಎಲ್ಲದ್ರಲ್ಲೂ ಒಂದೇ ಬರೆದಿದೀನಿ. "ಕುಂಚದಾನಿ, ಇಬ್ಬರು ಚದುರಂಗದಾಟಗಾರರು, ಬಿರುಕಿಲ್ಲ." ಕೆಳಗೆ ನನ್ನ ಮುದ್ರೆ.

... ಅರ್ಥ ಆಯ್ತು ನೀವು ಹೇಳ್ತಿರೋದು. ಮುನ್ನೂರು ವರ್ಷ ಒಡೀದೆ ಇದ್ದ ಬಿದಿರು ಇಪ್ಪತ್ತಾರು ದಿನದ ಒಣ ಗಾಳಿಗೆ ಚದುರಂಗದ ಮಣೆ ತನಕ ಸೀಳೋದು ಸಾಧ್ಯನೇ ಇಲ್ಲ, ಪೆಟ್ಟು ಬಿದ್ದಿರ್ಲೇಬೇಕು. ಇದಕ್ಕೆ ಆದರ್ಶ ಕಾವಲುಗಾರ್ತಿ ಹೌ ಪೇಜೆನ್ ಬರೆದ ರಿಜಿಸ್ಟರೇ ಸಾಕ್ಷಿ. ಹಾಗೇ ತಾನೆ? ... ಬಲೇ ಬುದ್ಧಿವಂತರು ನೀವು. ನನ್ನ ಕೈಲೇ ನನ್ನ ಹುಡುಗಿ ಕತ್ತು ಹಿಸುಕಿಸ್ತಿದೀರಿ.

... ಪೆಟ್ಟಿಗೆಯೊಳಗೆ ಕಂದು ಪುಡಿ ಬಿದ್ದಿತ್ತಾ? ಅದು ಬಿದ್ದು ಚೂರಾದದ್ದಕ್ಕೆ ಗುರುತಾ? ... ಗೊತ್ತು. ತಾವ್ ಹೇಳಿದಳು ಆ ಪುಡಿ ವಿಷಯಾನೂ. ಅಂಗೈಯಲ್ಲಿ ತೋರಿಸಿದಳು, ಇಷ್ಟು ಅಂತ.

... ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳ್ಬೇಕಾ? ಏನನ್ನ? ... ನನ್ನ ಕಾಲದಲ್ಲಿ ಬಿರುಕಿತ್ತಾ ಇರಲಿಲ್ವಾ ಅಂತ.

... ನೋಡಿ, ಅದಲ್ಲ ಈಗಿನ ಪ್ರಶ್ನೆ. ಲೋಟ ತೆಗೆಸಿದ್ದು ಯಾರು ಅನ್ನೋದು ಪ್ರಶ್ನೆ.

... ಸಾಹೇಬ್ರೇ, ನನ್ನ ಮಾತು ತಿರುಗಿಸ್ಬೇಡಿ. ಬಿಸಿಗಾಳಿ ಯಂತ್ರ...

... ಕೇಳಿಸ್ತು. ಕಿವಿ ಚೆನ್ನಾಗೇ ಇದೆ ನಂಗೆ.

...

... ಇದೀನಿ ಅಮ್ಮಾ, ಲೈನಲ್ಲೇ ಇದೀನಿ. ಒಂದು ನಿಮಿಷ. ... ರೀ, ನೀವು ಇಲ್ಲಿಂದ ಸ್ವಲ್ಪ ಆಚೆ ಹೋಗ್ತೀರಾ? ... ಬೇಡ. ಇಲ್ಲೇ ಇರಿ. ನೀವೂ ಕೇಳ್ಬೇಕಾದದ್ದೇ. ಕೂತ್ಕೊಳ್ಳಿ.

... ಹಲೋ. ಯಾನ್ ಸಾಹೇಬ್ರೇ, ಸ್ಪೀಕರ್ ಇನ್ನೂ ಹಾಗೇ ಇದೆಯಾ? ... ತೆಗೀಬೇಡಿ. ಎಲ್ಲರಿಗೂ ಕೇಳ್ಲಿ. ಬಿರುಕಿತ್ತು.

... ಹೌದು ಅಂತ ಹೇಳ್ತಿದೀನಿ. ಬಿರುಕಿತ್ತು. ರಿಜಿಸ್ಟರ್ ಸುಳ್ಳು. ಮೂವತ್ತೆರಡು ಸಲ ಬರೆದಿದೀನಿ ಬಿರುಕಿಲ್ಲ ಅಂತ, ಮೂವತ್ತೆರಡು ಸಲಾನೂ ಸುಳ್ಳು.

... ತಾವ್‌ನ ಉಳಿಸೋಕೆ ಕಥೆ ಕಟ್ತಿದೀನಾ? ಹಾಗಾದ್ರೆ ಟಾರ್ಚ್ ತಗೊಳ್ಳಿ. ಕುಂಚದಾನಿ ಅಲ್ಲೇ ಮೇಜಿನ ಮೇಲಿದೆಯಾ? ... ಹೊರಗಡೆ ನೋಡ್ಬೇಡಿ, ಹೊರಗಡೆ ಏನೂ ಕಾಣದ ಹಾಗೆ ಮುಚ್ಚಿತ್ತು. ಒಳಗಡೆಯಿಂದ ನೋಡಿ. ಬಾಯಂಚಿಂದ ಕೆಳಗೆ ಹೆಬ್ಬೆರಳಿನ ಉಗುರಷ್ಟುದ್ದ ಒಂದು ಕಪ್ಪು ಗೆರೆ. ... ನೀವು ನೋಡ್ಬೇಡಿ, ತಾವ್ ಕೈಲಿ ಕೊಡಿ, ಅವಳಿಗೆ ಹಿಡಿಯೋಕೆ ಬರುತ್ತೆ.

... ಕಂಡ್ತಾ ತಾವ್? ... ಅಲ್ಲೇ. ಹಳೇ ಅಂಟು ಅದು. ಬಿದಿರಿನ ಪುಡಿ ಅಂಟಲ್ಲಿ ಕಲಸಿ ತುಂಬಿದ್ದು. ಪೆಟ್ಟಿಗೆಯೊಳಗೆ ಬಿದ್ದಿದ್ದ ಕಂದು ಪುಡಿ ಅದೇ, ಒಣಗಿ ಉದುರಿದೆ. ಮೊನ್ನೆ ಮೊನ್ನೆ ಬಿದ್ದು ಒಡೆದದ್ದಕ್ಕೆ ಮೂವತ್ತಾರು ವರ್ಷದ ಅಂಟು ಎಲ್ಲಿಂದ ಬರುತ್ತೆ ಯಾನ್ ಸಾಹೇಬ್ರೇ? ಈಗ ಹೇಳಿ. ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿ.

... ಹೇಳ್ತೀನಮ್ಮಾ. ನಿಮಗೆ ಹೇಳ್ತೀನಿ, ಅವರಿಗಲ್ಲ. ಎಂಬತ್ತೆಂಟನೇ ಇಸವಿ, ಹೊಸವರ್ಷದ ರಜ. ಏಳು ದಿನ ಭವನಕ್ಕೆ ಬೀಗ. ಬೀಗದ ಕೈ ನನ್ನ ಹತ್ರ. ದಿನಾ ಒಂದ್ಸಲ ಹೋಗಿ ನೀರು ತುಂಬಿಸಿ ಬರೋದು ನನ್ನ ಪಾಲಿಗೆ ಬಂದಿತ್ತು. ಎರಡನೇ ದಿನ ನಮ್ಮ ಚಿಕ್ಕಮ್ಮ ಸುಝೌಗೆ ಕರ್ಕೊಂಡು ಹೋದ್ರು, ಒಬ್ಬ ಹುಡುಗ ಇದಾನೆ, ನೋಡ್ಕೊಂಡು ಸಂಜೆಗೆ ವಾಪಸ್ ಬರೋಣ ಅಂತ. ನಾನು ಸಂಜೆ ಬರ್ಲಿಲ್ಲ. ಅವರಮ್ಮ ಊಟಕ್ಕಿರು ಅಂದ್ರು, ಇದ್ದೆ. ಮಾರನೇ ದಿನ ಕಾಲುವೆ ದೋಣೀಲಿ ಹೋಗೋಣ ಅಂದ, ಹೋದೆ. ಅದರ ಮಾರನೇ ದಿನಕ್ಕೆ ಯಾರೂ ಏನೂ ಅನ್ನಲೇ ಇಲ್ಲ, ನಾನೇ ಇದ್ದೆ. ಇಪ್ಪತ್ನಾಲ್ಕು ವಯಸ್ಸು ನಂಗೆ. ಭವನ, ಬಿದಿರು, ನೀರು, ಒಂದೂ ನೆನಪಿಗೆ ಬರ್ಲಿಲ್ಲ. ನಾಲ್ಕು ದಿನ.

... ವಾಪಸ್ ಬಂದು ಬಾಗಿಲು ತೆಗೆದ್ರೆ ದಕ್ಷಿಣದ ಕಿಟಕಿ ಮುಚ್ಚೋದು ಮರೆತು ಹೋಗಿದ್ದೆ. ಬಿಸಿಲು ನೇರ ಪೆಟ್ಟಿಗೆ ಮೇಲೆ. ಲೋಟದ ತಳದಲ್ಲಿ ಬಿಳೀ ಗುರುತು ಮಾತ್ರ. ಪೈನ್ ಎಲೆಗಳ ಹಿಂದೆ ಒಂದು ಕೂದಲೆಳೆ. ಮೊದಲು ಕೂದಲೇ ಅಂದ್ಕೊಂಡು ಬಟ್ಟೇಲಿ ಒರೆಸಿದೆ ಅಮ್ಮಾ. ಎರಡು ಸಲ ಒರೆಸಿದೆ. ಹೋಗ್ಲಿಲ್ಲ.

... ಹೆದರಿಕೆ ಅಮ್ಮಾ, ಇನ್ನೇನು. ನಿಮ್ಮ ತಂದೆಯವರು ಆಗ ಬದುಕಿದ್ರು. ವಾರಕ್ಕೊಂದ್ಸಲ ಬಂದು ಪೆಟ್ಟಿಗೆ ಮುಂದೆ ನಿಂತು, ಇನ್ನೂ ಕಾಯಿ ಇಟ್ಟಿಲ್ವೇನೋ ಅಂತ ಆ ಮುದುಕನ್ನ ಕೇಳಿ ಹೋಗ್ತಿದ್ರು. ಅವರ ಮುಖ ಹೇಗೆ ನೋಡಲಿ? ರಜ ಮುಗಿಯೋಕೆ ಇನ್ನೊಂದು ದಿನ ಇತ್ತು. ಕುಂಚದಾನೀನ ಹತ್ತಿ ಕೋಟಿನೊಳಗಿಟ್ಕೊಂಡು ಪೂರ್ವ ಬಾಗಿಲ ಹತ್ರ ಚಿನ್ ಮೇಷ್ಟ್ರ ಮನೆಗೆ ಹೋದೆ. ಬಿದಿರು ಕೆತ್ತೋರು ಅವರು, ಆಗಲೇ ಎಪ್ಪತ್ತಾಗಿತ್ತು. ಏನಾಯ್ತು ಅಂತ ಕೇಳ್ಲಿಲ್ಲ. ಅದರ ತಳದಿಂದಲೇ ಚೂರು ಪುಡಿ ಕೆರೆದ್ರು, ಅಂಟಲ್ಲಿ ಕಲಸಿ ತುಂಬಿದ್ರು, ಕಡು ಟೀ ಹಚ್ಚಿ ಬಣ್ಣ ಕೂಡಿಸಿದ್ರು. ಆಮೇಲೆ ಹೆಬ್ಬೆರಳಲ್ಲಿ ತಿಕ್ಕಿದ್ರು, ತಿಕ್ಕಿದ್ರು, ಮಧ್ಯಾಹ್ನದ ತನಕ ತಿಕ್ಕಿದ್ರು. ಕೊನೆಗೆ ನನಗೇ ಜಾಗ ಗೊತ್ತಾಗ್ಲಿಲ್ಲ. ಕೊಡೋವಾಗ ಒಂದೇ ಮಾತಂದ್ರು. ಮಗಳೇ, ಮುಚ್ಚಿದೀನಿ ಅಷ್ಟೇ, ವಾಸಿಯಾಗಿಲ್ಲ. ನೀರು ತಪ್ಪಿದ್ರೆ ಇಲ್ಲಿಂದಲೇ ಬಿಚ್ಕೊಳ್ಳುತ್ತೆ, ಅಂತ.

... ಅದಕ್ಕೇ ಯಾನ್ ಸಾಹೇಬ್ರೇ, ಅದಕ್ಕೇ ಮೂವತ್ತೊಂದು ಚಳಿಗಾಲ ಒಂದು ದಿನ ತಪ್ಪಿಸಲಿಲ್ಲ ನಾನು. ಮಗ ಹುಟ್ಟಿದ ಮಾರನೇ ಬೆಳಿಗ್ಗೆನೇ ತಲೆಗೆ ಬಟ್ಟೆ ಸುತ್ಕೊಂಡು ಬಂದಿದ್ದೆ, ಅತ್ತೆ ಹತ್ರ ಬೈಸ್ಕೊಂಡು. ಭವನದವರೆಲ್ಲ ಕರ್ತವ್ಯನಿಷ್ಠೆ ಅಂದ್ರು, ಹೂ ಸಿಗಿಸಿದ್ರು, ಗೋಡೆಗೆ ಫೋಟೋ ಹೊಡೆದ್ರು. ನಿಷ್ಠೆ ಅಲ್ಲ ಕಣ್ರೀ ಅದು, ಕಳ್ಳತನ ಬಯಲಾಗುತ್ತೆ ಅನ್ನೋ ಭಯ. ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೆ ಅದರ ಎರಡರಷ್ಟಿದೆ ನಂಗೆ. ನಾನು ನಾಲ್ಕು ದಿನ ಒಣಗಿಸಿದ್ದು ಮರೆತು. ನೀವು ಇಪ್ಪತ್ತಾರು ದಿನ ಒಣಗಿಸಿದ್ದು ಬೇಕಂತಲೇ, ಬೇಡ ಬೇಡ ಅಂತ ಅವಳು ಹೇಳ್ತಿದ್ರೂ. ಇಬ್ಬರೂ ಸೇರಿ ಒಡೆದಿದೀವಿ ಅದನ್ನ. ಅವಳು ಬಾಯಾರದ ಹಾಗೆ ನೋಡ್ಕೊಂಡವಳು.

... ನನ್ನ ಪಿಂಚಣಿ ಹೆದರಿಕೆ ಹಾಕ್ತಿದೀರಾ? ... ಪ್ರಶಸ್ತಿ ವಾಪಸ್ ತಗೊಳ್ತಾರಾ? ತಗೊಳ್ಳಿ. ಆ ಫೋಟೋನೂ ಇಳಿಸಿ. ಇವತ್ತೇ ಇಳಿಸಿ.

... ಅಮ್ಮಾ, ಇನ್ನು ನೀವು ಹೇಳಿ.

... ಹೌದಮ್ಮ. ಹೇಳ್ಬೇಕಿತ್ತು. ನಿಮ್ಮ ತಂದೆಯವರಿಗೇ ಹೇಳ್ಬೇಕಿತ್ತು. ಅವರು ತೀರಿಕೊಂಡ ದಿನ ನಿಮ್ಮ ಮನೆಗೆ ಬಂದು, ಕಟ್ಟಡದ ಕೆಳಗೆ ನಿಂತು ವಾಪಸ್ ಹೋದೆ. ... ಬೈರಿ ಅಮ್ಮಾ, ಬೈರಿ. ಕೇಳಿಸ್ಕೊಳ್ತೀನಿ. ... ಕ್ಷಮಿಸ್ತೀನಿ ಅಂತ ಮಾತ್ರ ಇವತ್ತು ಹೇಳ್ಬೇಡಿ, ಮೊದಲು ಈ ಹುಡುಗೀನ ಬಿಡಿಸಿ.

... ನಮ್ಮನೆಯವರಾ? ಹೌದಮ್ಮ, ಆ ದೋಣಿ ಹುಡುಗನೇ, ಇಲ್ಲೇ ಕೂತಿದಾರೆ. ಅವರಿಗೂ ಈಗಲೇ ಗೊತ್ತಾಗ್ತಿರೋದು. ನನ್ನ ಮುಖ ನೋಡ್ತಿದಾರೆ ಅಷ್ಟೇ.

... ತಾವ್, ಅಲ್ಲಿದೀಯೇನೇ? ... ಅಳಬೇಡ. ನಿನ್ನೆ ನೀನು ಆ ಪುಡಿ ತೋರಿಸಿದಾಗಲೇ ನಂಗೆ ಗೊತ್ತಾಯ್ತು ಕಣೇ. ಟೀ ಮಾಡಿಕೊಟ್ಟೆ, ಸಮಾಧಾನ ಹೇಳ್ದೆ, ಎಳ್ಳಿನ ಹೋಳಿಗೆ ಕಟ್ಟಿಕೊಟ್ಟೆ, ಈ ಮಾತು ಮಾತ್ರ ಬಾಯಿಗೆ ಬರ್ಲಿಲ್ಲ. ಅದಕ್ಕೆ ನೀನು ನನ್ನ ಏನು ಬೇಕಾದ್ರೂ ಅನ್ನು. ಆದ್ರೆ ಅವರು ಕೊಟ್ಟ ಕಾಗದಕ್ಕೆ ಸಹಿ ಮಾತ್ರ ಹಾಕ್ಬೇಡ. ಗೊತ್ತಾಯ್ತಾ?

... ಏನು? ಗಟ್ಟಿಯಾಗಿ ಹೇಳು.

... ಯಾವಾಗ?

... ಬೆಳಿಗ್ಗೆ ಬಂದ ಕೂಡಲೇ ಸಹಿ ಹಾಕ್ಬಿಟ್ಯಾ? ... ಯಾಕೆ ತಾವ್? ಬೀಳಿಸಿಲ್ಲ ಅಂತ ನಿಂಗೇ ಗೊತ್ತಲ್ವಾ! ... ಏನಂದ್ರು? ... ಹೌ ಅಕ್ಕನ ರಿಜಿಸ್ಟರೇ ಹೇಳುತ್ತೆ, ಹೌ ಅಕ್ಕ ಯಾವತ್ತಾದ್ರೂ ಸುಳ್ಳು ಬರೀತಾರಾ ಅಂದ್ರಾ? ... ಅದಕ್ಕೆ ನಿಂಗೇ ಅನುಮಾನ ಬಂತಾ, ನಿನ್ನ ಕೈಯೇ ಎಲ್ಲೋ ಎಡವಿರಬಹುದು ಅಂತಾ? ... ಅಯ್ಯೋ ದೇವರೇ. ಅಯ್ಯೋ ಹುಚ್ಚಿ. ನನ್ನನ್ನ ನಂಬಿದ್ಯಾ ನೀನು, ನಿನ್ನ ಕೈಗಿಂತ ಹೆಚ್ಚಾಗಿ?

... ಆ ಕಾಗದ ಎಲ್ಲಿದೆ ಈಗ? ... ಮೇಜಿನ ಮೇಲೇನಾ? ಯಾರ ಮುಂದೆ? ... ತಾವ್, ಕೈ ಚಾಚು. ತಗೋ. ಹರಿ ಅದನ್ನ. ... ಅವರನ್ನ ನೋಡ್ಬೇಡ, ಹರಿ ಅಂದ್ರೆ ಹರಿ! ನಿನ್ನ ಸಹಿ ಅದು, ನಿಂದು. ಶೂ ಅಮ್ಮ ಇದಾರೆ, ನಾನಿದೀನಿ, ಯಾರೇನು ಮಾಡ್ತಾರೆ ನೋಡೋಣ.

... ಹರಿದ್ಯಾ?

... ಕೇಳಿಸ್ತು. ಕೇಳಿಸ್ತು ಕಣೇ. ಇನ್ನೊಂದ್ಸಲ ಹರಿ, ಅಡ್ಡಕ್ಕೆ. ... ಹಾಂ.

... ಯಾನ್ ಸಾಹೇಬ್ರೇ, ನೀವು ಫೋನ್ ಹತ್ರ ಬರ್ತಿದೀರಿ, ಹೆಜ್ಜೆ ಸದ್ದು ಕೇಳ್ತಿದೆ ನಂಗೆ. ಅಮ್ಮಾ, ಅವರನ್ನ ಒಂದು ನಿಮಿಷ ತಡೀರಿ. ... ತಾವ್, ಈಗ ರಿಜಿಸ್ಟರ್ ತಗೋ. ನನ್ನದು, ನೀಲಿ ರಟ್ಟಿನದು. ... ಇಲ್ಲ, ಅದನ್ನ ಹರೀಬೇಡ! ನನ್ನ ಸುಳ್ಳೆಲ್ಲ ಅದರಲ್ಲೇ ಇದೆ, ಒಂದು ಹಾಳೆನೂ ಹೋಗ್ಬಾರ್ದು. ಯಾರ ಕೈಗೂ ಕೊಡ್ಬೇಡ. ಎದೆಗೊತ್ತಿ ಹಿಡ್ಕೊಂಡು ಕುರ್ಚೀಲಿ ಕೂತ್ಕೋ, ನಾನು ಈಗ್ಲೇ ಹೊರಟೆ, ಬಂದು ಒಂದೊಂದು ಪುಟದಲ್ಲೂ ನನ್ನ ಕೈಯಾರೆ ಬಿರುಕಿತ್ತು ಅಂತ ಬರೆ... ಹಲೋ? ತಾವ್? ... ಹಲೋ...